ಒಂದು ಬಂಡೆ, ಎರಡು ಕಾರ್ಡು

ಕೊಂಡಾಪುರದ ಆಫೀಸಿನಲ್ಲಿ ನನಗಿದ್ದ ಕೆಲಸ, ಒಬ್ಬನೇ ಮನುಷ್ಯ ಎರಡು ಸಲ ಬಂದಿದ್ದಾನೆಯೇ ಎಂದು ಹುಡುಕುವುದು. ವಿಮೆ ಕಂಪನಿಯ ಗಿರಾಕಿಗಳ ಪಟ್ಟಿ ನಮ್ಮಲ್ಲಿಗೆ ಬರುತ್ತಿತ್ತು. ಒಂದು ಸಾಲಿನಲ್ಲಿ ಇನಿಷಿಯಲ್ ಹೆಸರಿನ ಮುಂದೆ, ಇನ್ನೊಂದರಲ್ಲಿ ಹಿಂದೆ. ಒಂದರಲ್ಲಿ ಮನೆ ನಂಬರು, ಇನ್ನೊಂದರಲ್ಲಿ ‘ಹನುಮಾನ್ ಗುಡಿ ಹಿಂದೆ’ ಅಂತ ಅಷ್ಟೇ. ಹುಟ್ಟಿದ ತಾರೀಖು, ಫೋನ್ ನಂಬರು, ತಂದೆಯ ಹೆಸರು ಎಲ್ಲ ತಾಳೆ ನೋಡಿ, ಇವರಿಬ್ಬರೂ ಒಬ್ಬರೇ ಎಂದು ಖಾತ್ರಿಯಾದ ಮೇಲೆ ಎರಡು ಸಾಲನ್ನು ಒಂದು ಮಾಡಬೇಕು. ಹತ್ತು ವರ್ಷ ಇದನ್ನೇ ಮಾಡಿದೆ. ಆಮೇಲೆ ಅದನ್ನು ಸಾಫ್ಟ್‌ವೇರೇ ಮಾಡತೊಡಗಿತು. ನಮ್ಮ ವಿಭಾಗ ಮುಚ್ಚಿದರು.

ಮಣಿಕೊಂಡದ ಮನೆಯಲ್ಲಿ ಮೂರು ತಿಂಗಳು ಸುಮ್ಮನೆ ಕೂತಿದ್ದೆ. ಅಷ್ಟರಲ್ಲಿ ನಮ್ಮದೇ ಅಪಾರ್ಟ್‌ಮೆಂಟಿನ ಮೂರನೇ ಮಹಡಿಯಾಕೆ ಒಂದು ದಿನ ಲಿಫ್ಟಿನಲ್ಲಿ ಸಿಕ್ಕು, ತನ್ನ ದೊಡ್ಡಮ್ಮನ ವಿಷಯ ಹೇಳಿದರು. ದೊಡ್ಡಮ್ಮ ಪುರಾತತ್ವದ ಕೆಲಸದಲ್ಲಿದ್ದು ನಿವೃತ್ತರಾದವರು. ಅಬಿಡ್ಸ್‌ನಲ್ಲಿ ಒಂದು ಕೋಣೆ ಇಟ್ಟುಕೊಂಡಿದ್ದಾರೆ. ಅಲ್ಲಿ ಕಾಗದಗಳು ಬಿದ್ದು ಕೊಳೆಯುತ್ತಿವೆ, ಕಂಪ್ಯೂಟರಿಗೆ ಹಾಕುವವರು ಬೇಕು.

ಪೋಸ್ಟಾಫೀಸಿನಿಂದ ಸ್ವಲ್ಪ ಮುಂದೆ, ಸ್ಟೇಷನರಿ ಅಂಗಡಿಗಳ ಮೇಲೆ ಎರಡನೇ ಮಹಡಿ. ಕೆಳಗೆ ಆಟೋದವರ ಕೂಗು, ಮೇಲೆ ಹಳೇ ಕಾಗದದ ವಾಸನೆ. ಎರಡು ಕಬ್ಬಿಣದ ಬೀರು, ಸುರುಳಿ ಸುತ್ತಿಟ್ಟ ದಪ್ಪ ಪ್ಲಾಸ್ಟಿಕ್ ಹಾಳೆಗಳು, ಮೂರು ಡ್ರಾಯರ್ ತುಂಬ ಕಾರ್ಡು. ಆ ದೊಡ್ಡಮ್ಮ, ಅಂದರೆ ನಮ್ಮ ಮೇಡಂ, ನನ್ನ ಕೈಗೆ ಒಂದು ಸುರುಳಿ ಕೊಟ್ಟು ಬಿಚ್ಚಿ ನೋಡು ಅಂದರು. ಅವರು ತೆಲುಗಿನವರು. ನನ್ನೊಂದಿಗೆ ತೆಲುಗಿನಲ್ಲಿ ಸುರು ಮಾಡಿ, ಹಿಂದಿಗೆ ಹೊರಳಿ, ಸಿಟ್ಟು ಬಂದಾಗ ಇಂಗ್ಲಿಷಿಗೆ ಬರುವವರು. ನಾನಿಲ್ಲಿ ಎಲ್ಲ ಕನ್ನಡದಲ್ಲೇ ಬರೆಯುತ್ತೇನೆ.

ಹಾಳೆ ಬಿಚ್ಚಿದರೆ ಅದರ ಮೇಲೆ ಕಪ್ಪು ಶಾಯಿಯಲ್ಲಿ ಎತ್ತುಗಳು, ಜಿಂಕೆಗಳು, ಕಡ್ಡಿಯಂಥ ಕೈಕಾಲಿನ ಮನುಷ್ಯರು.

“ಬಂಡೆಗಳ ಮೇಲೆ ಸಾವಿರಾರು ವರ್ಷಗಳ ಹಿಂದೆ ಕೆಂಪು ಮಣ್ಣಿನಿಂದ ಬರೆದ ಚಿತ್ರ ಇವು,” ಅಂದರು ಮೇಡಂ. “ಆಗಿನ ಕಾಲಕ್ಕೆ ಬಂಡೆಯ ಮೇಲೆ ಪ್ಲಾಸ್ಟಿಕ್ ಹಾಸಿ, ಕಂಡದ್ದನ್ನು ಕಂಡಂತೆ ಗೆರೆಯ ಮೇಲೆ ಗೆರೆ ಎಳೆದು ತಿದ್ದಿ ತರುತ್ತಿದ್ದೆವು. ಎಲ್ಲಿಯದು, ಎಷ್ಟು ಉದ್ದ, ಯಾವ ಬಣ್ಣ, ಎಲ್ಲ ಕಾರ್ಡಿನಲ್ಲಿದೆ. ನನಗೆ ಬೇಕಾದದ್ದು ಒಂದೇ. ಎಲ್ಲ ಜಾಗಗಳನ್ನೂ ಒಂದೇ ಕಡೆ ಹಾಕಿ, ಯಾವ ಜಾಗದ ಚಿತ್ರ ಯಾವ ಜಾಗದ ಚಿತ್ರವನ್ನು ಹೋಲುತ್ತದೆ ಎಂದು ಕೇಳಬೇಕು. ಕೇಳಿದರೆ ಹೇಳುತ್ತದೆ ತಾನೆ, ನಿನ್ನ ಸಾಫ್ಟ್‌ವೇರು?”

ಹೇಳುತ್ತದೆ ಅಂದೆ. ಗಿರಾಕಿಗಳಾದರೇನು, ಎತ್ತುಗಳಾದರೇನು, ಹೋಲಿಸುವುದು ಹೋಲಿಸುವುದೇ ಅಂದುಕೊಂಡಿದ್ದೆ.

ಮೊದಲ ವಾರದಲ್ಲೇ ತಲೆ ಕೆಟ್ಟಿತು. ಗಿರಾಕಿಗೆ ಹೆಸರಿರುತ್ತದೆ. ಚಿತ್ರಕ್ಕೆ ಏನಿದೆ? ಒಂದು ಕಾರ್ಡಿನಲ್ಲಿ ‘ಎತ್ತು’ ಅಂತಿತ್ತು, ಇನ್ನೊಂದರಲ್ಲಿ ‘ಗೂಳಿ’, ಮತ್ತೊಂದರಲ್ಲಿ ‘ದನ’. ಮೂರರ ಚಿತ್ರವನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ನನಗೆ ಒಂದೇ ಥರ ಕಂಡವು. ಕಾರ್ಡಿನ ಮಾತು ನಂಬಿದರೆ ಕೆಲಸ ಕೆಡುತ್ತದೆಂದು, ಪ್ರತಿ ಹಾಳೆಯನ್ನೂ ನಾನೇ ನೋಡಿ ಭಾಗಭಾಗವಾಗಿ ತುಂಬುವುದೆಂದು ಮೇಡಂ ಜೊತೆ ಮಾತಾಡಿಕೊಂಡೆ. ಕೊಂಬು ಉದ್ದವೋ ಗಿಡ್ಡವೋ, ಹಿಂದಕ್ಕೆ ಬಾಗಿದೆಯೋ ಮೇಲಕ್ಕೆ ನಿಂತಿದೆಯೋ. ಹೆಗಲ ಮೇಲೆ ಡುಬ್ಬದಂಥ ಹಿಣಿಲು ಇದೆಯೋ ಇಲ್ಲವೋ. ಕಾಲು ಎರಡು ಕಾಣುತ್ತವೋ ನಾಲ್ಕೋ. ಮನುಷ್ಯನಾದರೆ ಬೆರಳು ಬಿಡಿಸಿದ್ದಾರೋ ಇಲ್ಲವೋ. ಪ್ರತಿಯೊಂದಕ್ಕೂ ಒಂದು ಪಟ್ಟಿ ಮಾಡಿದೆ, ಒತ್ತಿ ಆರಿಸಬೇಕು. ಪಟ್ಟಿಯ ಕೊನೆಗೆ ‘ಗೊತ್ತಿಲ್ಲ’ ಅಂತ ಒಂದು ಸೇರಿಸಿದ್ದೆ. ಮೇಡಂ ಅದನ್ನು ತೆಗೆಸಿದರು.

“ಅದೊಂದಿದ್ದರೆ ಎಲ್ಲರೂ ಅದನ್ನೇ ಒತ್ತುತ್ತಾರೆ,” ಅಂದರು.

ಎಲ್ಲರೂ ಅಂದರೆ ನಾನೊಬ್ಬಳೇ.

ಒಂದು ಪ್ರಾಣಿ ಮಾತ್ರ ನಾಲ್ಕು ದಿನ ಕಾಡಿತು. ಅದರ ಫೋಟೋ ಮೊಬೈಲಿನಲ್ಲಿ ಮನೆಗೆ ಒಯ್ದೆ. ರೊಟ್ಟಿ ಬಡಿಯುತ್ತಿದ್ದ ಅತ್ತೆಗೆ ತೋರಿಸಿದೆ. ಹಿಟ್ಟಿನ ಕೈ ಹಾಗೇ ಹಿಡಿದು, ಕತ್ತು ಚಾಚಿ ನೋಡಿದರು.

“ಎಮ್ಮಿಕರ ಅಲ್ಲೇನ ಇದು?”

“ಬಾಲ ಮ್ಯಾಲ ಐತಲ್ಲ ಅತ್ತಿ, ನಾಯಿ ಇರಬೇಕು,” ಅಂದೆ.

ನನ್ನ ಗಂಡ ಫೋನು ಕಸಿದುಕೊಂಡು ಅಡ್ಡ ಹಿಡಿದು, ಉದ್ದ ಹಿಡಿದು ನೋಡಿದ. “ತಲಿ ಇದು ಅಂತ ಯಾರ್ ಹೇಳ್ಯಾರ? ಇದು ಬಾಲ. ತಲಿ ಆ ಕಡಿ ಐತಿ,” ಅಂದ. ತಿರುಗಿಸಿ ನೋಡಿದರೆ ಅದೂ ಹೌದು ಅನ್ನಿಸಿತು. ಅತ್ತೆ ರೊಟ್ಟಿ ಸೀದುಹೋಯಿತೆಂದು ನಮ್ಮಿಬ್ಬರನ್ನೂ ಅಡುಗೆಮನೆಯಿಂದ ಹೊರಗೆ ಹಾಕಿದರು. ಮರುದಿನ ಅದನ್ನು ನಾಯಿ ಎಂದು ತುಂಬಿದೆ. ತುಂಬಿದ ಮೇಲೆ ಅದು ನಾಯಿಯೇ ಆಯಿತು. ಸಾಫ್ಟ್‌ವೇರು ಎಣಿಸುವಾಗ ನನ್ನ ಅನುಮಾನವನ್ನೇನೂ ಎಣಿಸುವುದಿಲ್ಲ.

ಇಂಥ ದಿನಗಳಲ್ಲಿ, ಮುಂದೆ ನಾನು ಕಾಕಾ ಎಂದು ಕರೆಯತೊಡಗಿದ ಒಬ್ಬರು ಬಂದರು. ಅವರನ್ನು ಮೇಡಂ ‘ಆರ್ಟಿಸ್ಟ್ ಗಾರು’ ಅನ್ನುತ್ತಿದ್ದರು. ಅರ್ಧದಷ್ಟು ಹಾಳೆಗಳನ್ನು ತಿದ್ದಿದವರು ಇವರೇ. ಎಪ್ಪತ್ತೈದು ದಾಟಿದೆ, ಬಿಳಿ ಪೈಜಾಮ, ಕೈಯಲ್ಲಿ ಬಟ್ಟೆ ಚೀಲ, ಕಾಚಿಗುಡದಿಂದ ಬಸ್ಸು ಹತ್ತಿ ಬರುತ್ತಿದ್ದರು. ಕಾರ್ಡಿನ ಅಕ್ಷರ ಅಳಿಸಿದ್ದಲ್ಲಿ ಓದಿ ಹೇಳಲಿಕ್ಕೆಂದು ಮೇಡಂ ಕರೆಸಿದ್ದು. ಮೊದಲ ದಿನ ಇಬ್ಬರೂ ತೆಲುಗಿನಲ್ಲೇ ಮಾತಾಡಿದೆವು. ಮಧ್ಯಾಹ್ನ ನಾನು ಡಬ್ಬಿ ಬಿಚ್ಚಿದಾಗ ಶೇಂಗಾ ಚಟ್ನಿಪುಡಿಯ ವಾಸನೆಗೆ ಅವರು ಕತ್ತೆತ್ತಿದರು.

“ಯಾವೂರು ತಂಗಿ ನಿಮ್ದು?”

“ಕಲಬುರ್ಗಿರಿ. ನಿಮ್ದು?”

“ವಿಜಾಪುರ ಜಿಲ್ಲಾ. ಇಷ್ಟ್ ಹೊತ್ತು ಸುಮ್ನ ತೆಲುಗು ಮಾತಾಡ್ಸಿ ನನ್ನ ನಾಲಿಗಿ ದಣಿಸಿದಿ ನೋಡು,” ಎಂದು ನಕ್ಕರು.

ಅಂದಿನಿಂದ, ಅವರು ಬರುವ ಮಂಗಳವಾರ, ಶುಕ್ರವಾರ ನನಗೆ ಹಬ್ಬದಂತಿರುತ್ತಿತ್ತು. ಅವರು ಹಾಳೆ ಬಿಚ್ಚಿ ಮೇಜಿನ ಮೇಲೆ ಹಾಸಿ, ನಾಲ್ಕು ಮೂಲೆಗೆ ನಾಲ್ಕು ಪುಸ್ತಕ ಇಟ್ಟು, ಗೆರೆಯ ಮೇಲೆ ಬೆರಳು ಆಡಿಸುತ್ತ ಹೇಳುತ್ತಿದ್ದರು. ಇಲ್ಲಿ ಬಂಡೆ ಸೀಳಿತ್ತು, ಇಲ್ಲಿ ಜೇನು ಕಟ್ಟಿತ್ತು, ಇಲ್ಲಿ ಮಲಗಿಕೊಂಡು ತಿದ್ದಿದ್ದೆ, ಕತ್ತು ಒಂದು ವಾರ ತಿರುಗಲಿಲ್ಲ. ಅವರ ಗೆರೆಯಲ್ಲಿ ಅಳುಕು ಇರಲಿಲ್ಲ. ಅವರ ಎತ್ತಿನ ಕೊಂಬು ತಲೆಯಿಂದ ಹೊರಟು, ಹಿಂದೆ ಬಾಗಿ, ತುದಿಯಲ್ಲಿ ಸ್ವಲ್ಪ ಮೇಲೆ ಎದ್ದು ನಿಲ್ಲುತ್ತಿತ್ತು. ನೋಡಿದರೆ ಕೈ ಮುಟ್ಟಬೇಕು ಅನ್ನಿಸುತ್ತಿತ್ತು.

ಐದು ತಿಂಗಳಿಗೆ ತುಂಬುವುದು ಮುಗಿಯಿತು. ಒಂದು ಸೋಮವಾರ ಬೆಳಿಗ್ಗೆ ಮೇಡಂ ನನ್ನ ಕುರ್ಚಿಯ ಹಿಂದೆ ನಿಂತರು. ನಾನು ಪ್ರಶ್ನೆ ಹಾಕಿದೆ: ಪ್ರತಿ ಜಾಗವನ್ನೂ ಬೇರೆ ಪ್ರತಿ ಜಾಗದೊಂದಿಗೆ ಹೋಲಿಸು, ಕೊಂಬು, ಹಿಣಿಲು, ಕಾಲು, ಬೆರಳು ಎಷ್ಟು ಕಡೆ ಕೂಡುತ್ತವೆ ಹೇಳು, ಹೆಚ್ಚು ಕೂಡುವವನ್ನು ಒಂದು ಗುಂಪಿಗೆ ಹಾಕು. ಮೂರು ಗುಂಪು ಬಂದವು, ಸುಣ್ಣದ ಗೆರೆ ಎಳೆದಷ್ಟು ಸ್ಪಷ್ಟವಾಗಿ. ಒಂದು ಗುಂಪಿನಲ್ಲಿ ಉದ್ದ ಬಾಗಿದ ಕೊಂಬು, ಬಿಡಿಸಿದ ಬೆರಳು. ಎರಡನೆಯದರಲ್ಲಿ ಮೋಟು ಕೊಂಬು, ನಾಲ್ಕೂ ಕಾಲು ಬೇರೆಬೇರೆ. ಮೂರನೆಯದರಲ್ಲಿ ಮೇಲಕ್ಕೆ ನಿಂತ ಕೊಂಬು, ಬೆರಳಿಲ್ಲದ ಕೈ.

ಮೇಡಂ ನನ್ನ ಭುಜ ಹಿಡಿದುಕೊಂಡರು.

“ಮೂರು ಕುಲ,” ಅಂದರು. “ಮೂರು ಬೇರೆ ಬೇರೆ ಜನ. ನನಗೆ ಇಪ್ಪತ್ತು ವರ್ಷದಿಂದ ಇದೇ ಅನುಮಾನ.”

ನಕ್ಷೆಯ ಮೇಲೆ ಮೂರು ಬಣ್ಣದ ಚುಕ್ಕೆ ಹಾಕಿಕೊಟ್ಟೆ. ಮುಂದಿನ ತಿಂಗಳು ಒಂದು ಸೆಮಿನಾರು ಇತ್ತು. ಅದರಲ್ಲಿ ಇದನ್ನೇ ಓದುತ್ತೇನೆಂದು ಬರೆಯಲು ಕೂತರು. ಆ ದಿನ ಕೆಳಗಿನ ಬೇಕರಿಯಿಂದ ಉಸ್ಮಾನಿಯಾ ಬಿಸ್ಕೀಟು ತರಿಸಿದರು.

ನನಗೂ ಖುಷಿಯಾಗಿತ್ತು. ಆ ಖುಷಿಯಲ್ಲೇ, ಪಟ್ಟಿಯನ್ನು ಬೇರೆ ಬೇರೆ ಕಾಲಮ್ಮಿನ ಪ್ರಕಾರ ಜೋಡಿಸಿ ಚಂದ ನೋಡುತ್ತ ಕೂತಿದ್ದೆ. ಊರಿನ ಪ್ರಕಾರ, ಉದ್ದದ ಪ್ರಕಾರ. ಕಾರ್ಡಿನ ಮೂಲೆಯಲ್ಲಿ ತಿದ್ದಿದವರ ಸಹಿ ಇರುತ್ತಿತ್ತು. ಬಿಡಬಾರದೆಂದು ಅದನ್ನೂ ಒಂದು ಕಾಲಮ್ಮಿನಲ್ಲಿ ತುಂಬಿದ್ದೆ. ಅದರ ಪ್ರಕಾರ ಜೋಡಿಸಿದೆ. ಮೊದಲ ಗುಂಪು ಇಡೀ ಕಾಕಾ ಅವರ ಸಹಿ. ಎರಡನೆಯದು ಇಡೀ ಇನ್ನೊಬ್ಬ ಕಲಾವಿದರದು. ಅವರು ಕರಾವಳಿ ಆಂಧ್ರದವರು, ಈಗಿಲ್ಲ. ಮೂರನೆಯ ಗುಂಪಿನಲ್ಲಿ ಮೇಡಂ ಅವರ ಸಹಿ. ಹರೆಯದಲ್ಲಿ ಅವರೂ ಬಂಡೆ ಹತ್ತಿ ತಿದ್ದುತ್ತಿದ್ದರಂತೆ.

ಏನೋ ತಪ್ಪಾಗಿದೆ ಅಂದುಕೊಂಡೆ. ಪ್ರಶ್ನೆ ಹಾಕುವಾಗ ಸಹಿಯ ಕಾಲಮ್ಮನ್ನೂ ಹೋಲಿಕೆಗೆ ಸೇರಿಸಿಬಿಟ್ಟೆನೇನೋ. ನೋಡಿದೆ, ಸೇರಿಸಿರಲಿಲ್ಲ. ಆ ಕಾಲಮ್ಮನ್ನೇ ತೆಗೆದು ಹೊಸದಾಗಿ ಹಾಕಿದೆ. ಮತ್ತೆ ಅವೇ ಮೂರು ಗುಂಪು. ಹಾಗಾದರೆ ಇದು ಬರೆದ ಜನರ ಗುಂಪೋ, ಬರೆದದ್ದನ್ನು ನಕಲು ಮಾಡಿಕೊಂಡವರ ಗುಂಪೋ? ಎರಡು ದಿನ ಯಾರಿಗೂ ಹೇಳಲಿಲ್ಲ. ಮೂರನೇ ದಿನ ಮೇಡಂ ಮುಂದೆ ಲ್ಯಾಪ್‌ಟಾಪ್ ಇಟ್ಟೆ.

ಅವರು ಬಹಳ ಹೊತ್ತು ನೋಡಿದರು. “ಇದರಲ್ಲೇನಿದೆ?” ಅಂದರು ಆಮೇಲೆ. “ಒಬ್ಬೊಬ್ಬರಿಗೆ ಒಂದೊಂದು ಸೀಮೆ ಹಂಚಿದ್ದರು. ಆರ್ಟಿಸ್ಟ್ ಗಾರು ನದಿ ಕಡೆಗೆ, ಇನ್ನೊಬ್ಬರು ಪೂರ್ವಕ್ಕೆ, ನಾನು ಊರ ಸುತ್ತ. ಸೀಮೆ ಬೇರೆಯಾದರೆ ಚಿತ್ರವೂ ಬೇರೆ ಇರುತ್ತದೆ. ಸಹಿಯೂ ಬೇರೆ ಇರುತ್ತದೆ. ಸರಿ ತಾನೆ?”

ಸರಿ ಅನ್ನಿಸಿತು. ಮನೆಗೆ ಹೋಗುವಾಗ ಬಸ್ಸಿನಲ್ಲಿ ಸರಿಯಲ್ಲ ಅನ್ನಿಸಿತು. ಮೆಹದಿಪಟ್ನಮ್ ಬರುವಷ್ಟರಲ್ಲಿ ಮತ್ತೆ ಸರಿ ಅನ್ನಿಸಿತು. ಅವರು ಹೇಳಿದ್ದಕ್ಕೂ ಲೆಕ್ಕ ಕೂಡುತ್ತದೆ, ನನ್ನ ಅನುಮಾನಕ್ಕೂ ಕೂಡುತ್ತದೆ. ಯಾವುದು ನಿಜವೆಂದು ತಿಳಿಯಲು ಒಂದೇ ಬಂಡೆಯನ್ನು ಇಬ್ಬರು ತಿದ್ದಿರಬೇಕು. ಅಂಥದ್ದು ಇಲ್ಲವೆಂದು ಮೇಡಂ ಹೇಳಿದ್ದರು.

ಹತ್ತು ವರ್ಷದ ಚಟ ಸುಮ್ಮನೆ ಬಿಡುವುದೇ? ಎರಡು ಸಲ ಬಂದ ಒಬ್ಬನನ್ನು ಹುಡುಕುವ ಹಾಗೆ ಕಾರ್ಡುಗಳನ್ನು ಹುಡುಕಿದೆ. ಊರ ಹೆಸರು ಬಿಟ್ಟು, ಬಂಡೆಯ ಎತ್ತರ, ಮುಖ ಮಾಡಿದ ದಿಕ್ಕು, ಹತ್ತಿರದ ಗುರುತು ಇಷ್ಟನ್ನೇ ತಾಳೆ ನೋಡಿದೆ. ಒಂದು ಜೋಡಿ ಸಿಕ್ಕಿತು. ಎರಡೂ ಕೃಷ್ಣೆಯ ಕಡೆ, ಗಡಿಯ ಹತ್ತಿರ. ಒಂದು ಕಾರ್ಡಿನಲ್ಲಿ ಊರ ಹೆಸರು ‘ಹಳ್ಳಿ’ ಎಂದು ಮುಗಿಯುತ್ತಿತ್ತು, ಇನ್ನೊಂದರಲ್ಲಿ ‘ಪಲ್ಲಿ’ ಎಂದು. ಒಂದರ ಗುರುತು ‘ಹುಣಸೆ ಮರ, ಎಲ್ಲಮ್ಮನ ಕಲ್ಲು’, ಇನ್ನೊಂದರದು ‘ಎಲ್ಲಮ್ಮನ ಕಲ್ಲು, ಕೆರೆ ಏರಿ’. ಎರಡರಲ್ಲೂ ದೊಡ್ಡದೊಂದು ಎತ್ತು, ಅದರ ಹಿಂದೆ ಇಬ್ಬರು ಮನುಷ್ಯರು. ಒಂದು ಕಾಕಾ ತಿದ್ದಿದ್ದು, ಇನ್ನೊಂದು ತೀರಿಹೋದ ಕಲಾವಿದರು ತಿದ್ದಿದ್ದು. ಸಾಫ್ಟ್‌ವೇರು ಒಂದನ್ನು ಮೊದಲ ಗುಂಪಿಗೆ, ಇನ್ನೊಂದನ್ನು ಎರಡನೆಯದಕ್ಕೆ ಹಾಕಿತ್ತು. ಒಂದೇ ಬಂಡೆ, ಮೇಡಂ ನಕ್ಷೆಯಲ್ಲಿ ಎರಡು ಬಣ್ಣದ ಚುಕ್ಕೆಯಾಗಿ, ಎರಡು ಬೇರೆ ಕುಲದ ಜನರದಾಗಿ ಕೂತಿತ್ತು.

ಮೇಡಂಗೆ ಹೇಳುವ ಮೊದಲು ಕಾಕಾಗೆ ಹೇಳಬೇಕು ಅನ್ನಿಸಿತು. ಆದರೆ ಏನಂತ ಹೇಳಲಿ? ನಲವತ್ತು ವರ್ಷ ನೀವು ಬಂಡೆ ನೋಡಿ ಬರೆಯಲಿಲ್ಲ, ನಿಮ್ಮ ಮನಸ್ಸಿನ ಎತ್ತನ್ನೇ ಬರೆದಿರಿ ಅನ್ನುವುದೇ? ಅದು ನಿಜವೆಂದು ನನಗೇ ಗೊತ್ತಿಲ್ಲ. ಶುಕ್ರವಾರ ಅವರು ಬಂದಾಗ ಎರಡು ಹಾಳೆಯನ್ನೂ ಬಿಚ್ಚಿ ಮೇಜಿನ ಮೇಲೆ ಹಾಸಿದೆ.

“ಕಾಕಾ, ಇವೆರಡೂ ಒಂದ ಬಂಡಿ ಅನಸ್ತೈತ್ರಿ.”

ಅವರು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿ ಮತ್ತೆ ಹಾಕಿಕೊಂಡರು. ಮೊದಲು ತಮ್ಮದನ್ನು ನೋಡಿದರು. ಆಮೇಲೆ ಇನ್ನೊಂದನ್ನು. ಬೆರಳು ಇಟ್ಟು ಹಿಣಿಲು ಅಳೆದರು, ಬಾಲ ಅಳೆದರು.

“ಒಂದs,” ಅಂದರು ಮೆಲ್ಲಗೆ. “ಇಲ್ಲಿ ಸೀಳು ಐತಲ್ಲ, ಇದು ಅದರಾಗೂ ಐತಿ ನೋಡು. ನಾ ಹೋಗಿ ಬಂದ ಮ್ಯಾಲ ಆಂವಾ ಹೋಗ್ಯಾನ. ನಂಗ ಹೇಳೇ ಇಲ್ಲ.”

“ಕೋಡು ಮಾತ್ರ ಬ್ಯಾರೆ ಅದಾವ್ರಿ.”

“ಕಾಣಾಕತ್ತೈತಿ.”

ನಾನು ಚಹಾ ತರಲಿಕ್ಕೆ ಎದ್ದೆ. ಕೈ ಮಾಡಿ ಕೂಡಿಸಿದರು.

“ಅವರ ಕಡಿ ಎತ್ತಿನ ಕೋಡು ಮೋಟು ತಂಗಿ, ನೀ ನೋಡಿರಬೇಕು, ದೊಡ್ಡ ದೊಡ್ಡ ಎತ್ತು, ಕೋಡು ಇಷ್ಟs. ನಮ್ಮ ಕಡಿ ಉದ್ದ. ಮಣ್ಣೆತ್ತಿನ ಅಮಾಸಿಗೆ ನಮ್ಮಪ್ಪ ಕೆರಿ ಮಣ್ಣು ತಂದು ಎತ್ತು ಮಾಡ್ತಿದ್ದ, ಕೋಡು ಹಚ್ಚೋ ಕೆಲಸ ನಂದು. ಬಾಗಿಸಿ ಬಾಗಿಸಿ ಹಚ್ಚತಿದ್ದೆ.” ಮಾತು ನಿಲ್ಲಿಸಿ ನನ್ನ ಮುಖ ನೋಡಿದರು. “ಹಂಗಂತ ಅದನ್ನ ಇಲ್ಲಿ ಬರದೀನಿ ಅಂತಲ್ಲ ಮತ್ತ. ನಾ ಕಂಡಿದ್ದನ್ನs ಬರದೀನಿ.”

“ನಾ ಹಂಗ ಅಂದಿಲ್ರೀ ಕಾಕಾ.”

“ಅಂದಿಲ್ಲ. ಆದ್ರ ನಂಗs ಅನಸಾಕತ್ತೈತಲ್ಲ.”

ನನಗೆ ಅಳು ಬಂದಂತಾಯಿತು. ಯಾಕೆಂದು ತಿಳಿಯಲಿಲ್ಲ. ತಪ್ಪು ಹುಡುಕಿದ್ದಕ್ಕೋ, ತಪ್ಪು ಹೌದೋ ಅಲ್ಲವೋ ತಿಳಿಯದೆ ಹುಡುಕಿದ್ದಕ್ಕೋ. ಅವರೇ ಎದ್ದು ಮೇಡಂ ಕೋಣೆಗೆ ಹೋಗಿ ಎಲ್ಲ ಹೇಳಿದರು. ಹೇಳಿ, “ಬಂಡೆ ಎಲ್ಲಿ ಹೋಗಿದೆ? ನಡೆಯಿರಿ, ನೋಡಿಕೊಂಡು ಬರೋಣ,” ಎಂದು ತೆಲುಗಿನಲ್ಲಿ ಅಂದರು.

ಮುಂದಿನ ಭಾನುವಾರ ಬೆಳಿಗ್ಗೆ ಮೂವರೂ ಬಾಡಿಗೆ ಕಾರಿನಲ್ಲಿ ಹೊರಟೆವು. ದಾರಿಯುದ್ದಕ್ಕೂ ಮೇಡಂ ಮುಂದಿನ ಸೀಟಿನಲ್ಲಿ ಎರಡು ಕಾರ್ಡನ್ನೂ ತಿರುವಿ ನೋಡುತ್ತಿದ್ದರು. ಕಾಕಾ ಕಿಟಕಿಯಿಂದ ಹೊಲದಲ್ಲಿ ಕಂಡ ಪ್ರತಿ ಎತ್ತಿನ ಕೊಂಬು ನೋಡಿ ಒಂದೊಂದು ಮಾತು ಹೇಳುತ್ತಿದ್ದರು. ಎತ್ತುಗಳೇ ಕಡಿಮೆ, ಟ್ರ್ಯಾಕ್ಟರುಗಳೇ ಹೆಚ್ಚು. ಊರು ಸೇರಿ ಕೇಳಿದಾಗ, ಒಬ್ಬ ಮುದುಕಿ ಎರಡೂ ಹೆಸರು ಈ ಊರಿನವೇ ಎಂದಳು. ಈ ಕಡೆಯವರು ಪಲ್ಲಿ ಅನ್ನುತ್ತಾರೆ, ಹೊಳೆಯಾಚೆಯ ಬೀಗರು ಹಳ್ಳಿ ಅನ್ನುತ್ತಾರೆ. ಅಲ್ಲಿಗೆ ಒಂದು ಅನುಮಾನ ತೀರಿತು.

ಹುಣಸೆ ಮರ ಇರಲಿಲ್ಲ. ಎಲ್ಲಮ್ಮನ ಕಲ್ಲಿಗೆ ಈಗ ಟೈಲ್ಸ್ ಹಾಕಿದ ಗುಡಿ ಕಟ್ಟಿದ್ದರು. ಅದರ ಹಿಂದೆ ಗುಂಡುಕಲ್ಲುಗಳ ನಡುವೆ ಹತ್ತಿದೆವು. ಕಾಕಾಗೆ ಮೊಣಕಾಲು ನೋವು, ಒಂದು ಕಡೆ ನಾನು, ಒಂದು ಕಡೆ ಕಾರಿನ ಡ್ರೈವರು ಹಿಡಿದುಕೊಂಡೆವು. ಚಾಚಿದ ಬಂಡೆಯ ಕೆಳಗೆ ತಂಪಿತ್ತು. ಕಾಕಾ ನಿಂತಲ್ಲೇ ಕೈ ಎತ್ತಿ ತೋರಿಸಿದರು.

ನನಗೆ ಮೊದಲು ಏನೂ ಕಾಣಲಿಲ್ಲ. ಐದು ತಿಂಗಳು ಕಪ್ಪು ಶಾಯಿಯ ಗೆರೆ ನೋಡಿ ನೋಡಿ, ಬಂಡೆಯ ಮೇಲೂ ಹಾಗೇ ಗೆರೆ ಇರುತ್ತದೆಂದು ತಿಳಿದಿದ್ದೆ. ಇದ್ದದ್ದು ಕೆಂಪು ಕಲೆ. ತುಕ್ಕು ಹಿಡಿದ ತಗಡಿನ ಕೆಳಗೆ ನೀರು ಇಳಿದಂತೆ. ನೋಡುತ್ತ ನೋಡುತ್ತ ಹಿಣಿಲು ಕಂಡಿತು, ಹೊಟ್ಟೆ ಕಂಡಿತು. ತಲೆ ಇರಬೇಕಾದಲ್ಲಿ ಕಲ್ಲಿನ ಚಕ್ಕೆ ಎದ್ದಿತ್ತು, ಅದರ ಮೇಲೆ ಕೆಂಪೋ ಕಂದೋ ಹೇಳಲಾಗದ ಛಾಯೆ.

“ನೀರು ಚಿಮುಕಿಸಿದ್ರ ಚಂದ ಕಾಣ್ತಿತ್ತು ಆಗ,” ಅಂದರು ಕಾಕಾ. ಮೇಡಂ ಬಾಟಲಿ ಹಿಡಿದಿದ್ದ ನನ್ನ ಕಡೆ ಕಣ್ಣು ಬಿಟ್ಟರು. ಈಗ ನೀರೂ ಹಾಕಬಾರದು, ಪ್ಲಾಸ್ಟಿಕ್ಕೂ ಮುಟ್ಟಿಸಬಾರದು, ಬಣ್ಣ ಹೋಗುತ್ತದೆ.

ಕಾಕಾ ಒಂದು ಉಪಾಯ ಹೇಳಿದರು. ಮೂವರೂ ದೂರ ದೂರ ಕೂತು, ಒಬ್ಬರದನ್ನು ಒಬ್ಬರು ನೋಡದೆ, ಕಂಡಂತೆ ಬರೆಯುವುದು. ಮೇಡಂ ಪರ್ಸಿನಿಂದ ಹಾಳೆ ತೆಗೆದು ಹಂಚಿದರು. ಅರ್ಧ ಗಂಟೆ ಬರೆದೆವು. ನನಗೆ ಚಿತ್ರ ಬರೆಯಲು ಬರುವುದಿಲ್ಲ. ಬರೆದು ಅಳಿಸಿ, ಬರೆದು ಅಳಿಸಿ ಹಾಳೆ ಹರಿದುಹೋಯಿತು, ಇನ್ನೊಂದು ತೆಗೆದುಕೊಂಡೆ.

ಮೂರನ್ನೂ ಕಲ್ಲಿನ ಮೇಲೆ ಇಟ್ಟಾಗ ನಾವು ಒಬ್ಬರ ಮುಖ ಒಬ್ಬರು ನೋಡಿದೆವು. ಕಾಕಾ ಮೋಟು ಕೊಂಬು ಬರೆದಿದ್ದರು. ಮೇಡಂ ಉದ್ದ ಬಾಗಿದ ಕೊಂಬು ಬರೆದಿದ್ದರು. ನನ್ನದರಲ್ಲಿ ಕೊಂಬೇ ಇರಲಿಲ್ಲ, ಕಿವಿ ಇತ್ತು.

“ಏನಿದು ಆರ್ಟಿಸ್ಟ್ ಗಾರು?” ಅಂದರು ಮೇಡಂ. “ನಿಮ್ಮ ಕೊಂಬು ಎಲ್ಲಿ ಹೋಯಿತು?”

“ಉದ್ದ ಬರೀಬಾರದು, ಉದ್ದ ಬರೀಬಾರದು ಅಂತ ಮನಸ್ಸಿನ್ಯಾಗ ಹೇಳಿಕೊಂಡೆ. ಅದಕ್ಕs ಕೈ ತಡೀತೋ ಏನೋ.” ಇಷ್ಟು ನನಗೆ ಕನ್ನಡದಲ್ಲಿ ಹೇಳಿ, ಮೇಡಂ ಕಡೆ ತಿರುಗಿ ತೆಲುಗಿನಲ್ಲಿ, “ನೀವು ನನ್ನ ಹಾಗೆ ಯಾಕೆ ಬರೆದಿರಿ?” ಎಂದು ಕೇಳಿದರು.

ಮೇಡಂ ತಮ್ಮ ಹಾಳೆಯನ್ನು ದಿಟ್ಟಿಸಿ ನೋಡಿದರು. “ನಿಮ್ಮ ಹಾಳೆಯನ್ನು ವಾರವಿಡೀ ನೋಡಿದ್ದೇನಲ್ಲ,” ಅಂದರು. ಆಮೇಲೆ ನಕ್ಕರು. ಕಾಕಾನೂ ನಕ್ಕರು. ನಾನೂ ನಕ್ಕೆ, ಆದರೆ ನನಗೆ ಒಳಗೆ ಹೆದರಿಕೆಯಾಗಿತ್ತು. ಮೂವರು ಒಂದೇ ಹೊತ್ತಿನಲ್ಲಿ, ಒಂದೇ ಬಂಡೆಯ ಮುಂದೆ ಕೂತು ಒಂದು ಎತ್ತನ್ನು ನೋಡಲಾಗದಿದ್ದರೆ, ನಾನು ತುಂಬಿದ ಆ ಸಾವಿರಾರು ಸಾಲುಗಳ ಗತಿ ಏನು?

ಡ್ರೈವರನ್ನು ಕೇಳಿದೆ. ಅವನು ದೂರದಿಂದಲೇ ನೋಡಿ, “ಗಾಡಿದ ಬ್ರೇಕ್ ಆಯಿಲ್ ಸೋರಿದಂಗ ಐತ್ರಿ,” ಅಂದ. ಅವನು ಗುರಮಿಟಕಲ್ ಕಡೆಯವನಂತೆ, ಇಷ್ಟು ಹೊತ್ತೂ ನಮ್ಮ ಮಾತೆಲ್ಲ ಅರ್ಥವಾಗುತ್ತಿತ್ತಂತೆ.

ಇಳಿಯುವ ಮೊದಲು ಕಾಕಾ ಬಂಡೆಯ ಹತ್ತಿರ ಹೋಗಿ, ಮುಟ್ಟದೆ, ಒಂದು ಗೇಣು ದೂರದಲ್ಲಿ ಅಂಗೈ ಹಿಡಿದು ನಿಂತರು. ಬಿಸಿಲು ಅಷ್ಟರಲ್ಲಿ ಸರಿದು ಬಂಡೆಯ ಅಂಚಿಗೆ ಬಂದಿತ್ತು. “ನಾ ಬಂದಾಗ ಹೊತ್ತು ಮುಳುಗೋ ಟೈಮು,” ಅಂದರು. “ಆವಾಗ ಬಿಸಿಲು ಒಳಗಿನ ತನಕಾ ಬರತೈತಿ. ಆಂವಾ ಮುಂಜಾನೆ ಬಂದಿದ್ನೋ ಏನೋ. ಸಂಜಿ ತನಕಾ ಇದ್ದು ನೋಡೋಣೇನು?” ಮೇಡಂಗೆ ಬಿಪಿ ಮಾತ್ರೆಯ ಹೊತ್ತಾಗಿತ್ತು. ಸಂಜೆ ತನಕ ನಿಲ್ಲದೆ ಇಳಿದೆವು.

ಮರುವಾರ ಎರಡು ಕಾರ್ಡನ್ನು ಒಂದು ಮಾಡಲು ಕೂತೆ. ವಿಮೆ ಕಂಪನಿಯಲ್ಲಾದರೆ ಸರಿಯಿದ್ದ ಸಾಲು ಉಳಿಸಿ, ತಪ್ಪು ಸಾಲು ಅಳಿಸುತ್ತಿದ್ದೆವು. ಇಲ್ಲಿ ಯಾವುದನ್ನು ಅಳಿಸಲಿ? ಮೇಡಂ ಹತ್ತಿರ ಹೋದೆ. ಅವರು ಒಂದು ದಿನ ಯೋಚನೆ ಮಾಡಿ, ಯಾವುದನ್ನೂ ಅಳಿಸಬೇಡ ಅಂದರು. ಜಾಗ ಒಂದು, ನೋಡಿ ಬರೆದ ಚಿತ್ರ ಐದು ಎಂದು ಹಾಕು. ಹಾಗೇ ಹಾಕಿದೆ. ಇಡೀ ಟೇಬಲ್ಲನ್ನು ಬಿಚ್ಚಿ ಹೊಸದಾಗಿ ಕಟ್ಟಬೇಕಾಯಿತು. ಇಪ್ಪತ್ತು ದಿನ ಹಿಡಿಯಿತು. ‘ಗೊತ್ತಿಲ್ಲ’ ಅನ್ನುವುದನ್ನೂ ಪಟ್ಟಿಗೆ ಸೇರಿಸಲು ಈ ಸಲ ಅವರೇ ಹೇಳಿದರು. ಹೊಸದಾಗಿ ಹೋಲಿಸಿದಾಗ ಗುಂಪುಗಳು ಎರಡಾದವು. ಕೊಂಬಿನ ಕಾಲಮ್ಮು ಬಿಟ್ಟು ಹೋಲಿಸಿದಾಗ ನಾಲ್ಕಾದವು. ಬಣ್ಣ, ಉದ್ದ ಮಾತ್ರ ಇಟ್ಟುಕೊಂಡಾಗ ಎಲ್ಲ ಒಂದೇ ಗುಂಪು. ಯಾವುದನ್ನು ನಂಬಬೇಕೆಂದು ಮೇಡಂ ಕೇಳಿದರು. ನನ್ನನ್ನು ಕೇಳಿದರೆ? ನನಗೆ ಸಾಫ್ಟ್‌ವೇರು ಗೊತ್ತು, ಅಷ್ಟೇ.

ಸೆಮಿನಾರಿಗೆ ಅವರು ಹೋದರು. ಮೂರು ಬಣ್ಣದ ನಕ್ಷೆ ಒಯ್ಯಲಿಲ್ಲ. ಒಂದು ಬಂಡೆಯ ಐದು ಚಿತ್ರ ಒಯ್ದರು. ತಮ್ಮದೂ ನನ್ನದೂ ಸೇರಿ. ಬಂದ ಮೇಲೆ ಏನಾಯಿತೆಂದು ಕೇಳಿದೆ.

“ಒಬ್ಬರು ಎದ್ದು, ಹಾಗಾದರೆ ಸರಿಯಾದದ್ದು ಯಾವುದು ಎಂದು ಕೇಳಿದರು. ಗೊತ್ತಿಲ್ಲ ಅಂದೆ. ಸಭೆಯಲ್ಲಿ ನಕ್ಕರು. ಆಮೇಲೆ ಟೀ ಕೊಟ್ಟರು.” ಐದು ಹಾಳೆಯನ್ನೂ ಬೀರುವಿನಲ್ಲಿ ಇಡುತ್ತ ಅಂದರು, “ಟೀ ಕುಡಿಯುವಾಗ ಇಬ್ಬರು ಬಂದು, ನಮ್ಮ ಕಾರ್ಡುಗಳಲ್ಲೂ ಹೀಗೇ ಇರಬಹುದು ಅಂದರು. ಮೆಲ್ಲಗೆ ಹೇಳಿದರು, ಯಾರಿಗೂ ಕೇಳದ ಹಾಗೆ.”

ಅವರಿಗೆ ಬೇಸರವಾಗಿತ್ತೋ ಸಮಾಧಾನವಾಗಿತ್ತೋ ಮುಖ ನೋಡಿ ತಿಳಿಯಲಿಲ್ಲ.

ಆ ಸೆಮಿನಾರಿನಲ್ಲಿ ಸಿಕ್ಕ ಸಂಶೋಧಕಿಯೊಬ್ಬರು ತಾವೇ ಹೋಗಿ ಆ ಬಂಡೆಯ ಫೋಟೋ ತೆಗೆದು, ಕಂಪ್ಯೂಟರಿನಲ್ಲಿ ಮಾಸಿದ ಬಣ್ಣವನ್ನು ಎತ್ತಿ ತೋರಿಸುವ ಹಾಗೆ ಮಾಡಿ ಕಳಿಸಿದರು. ಆ ಫೋಟೋದಲ್ಲಿ ಬಂಡೆ ಹಸಿರಾಗಿತ್ತು, ಎತ್ತು ನೇರಳೆ ಬಣ್ಣಕ್ಕಿತ್ತು. ತಲೆಯ ಜಾಗದಲ್ಲಿ ಐದಾರು ಗೆರೆ, ಕೆಲವು ಉದ್ದ, ಕೆಲವು ಮೋಟು. ಒಂದು ಹಳೆಯ ಎತ್ತಿನ ಮೇಲೆ ಇನ್ನೊಂದು ಎತ್ತು ಬರೆದರೋ, ಎತ್ತಿನ ಹಿಂದೆ ಗಿಡವಿತ್ತೋ, ನೀರಿನ ಕಲೆಯೋ, ಮೇಡಂ ಭೂತಗನ್ನಡಿ ಹಿಡಿದು ಇಡೀ ಮಧ್ಯಾಹ್ನ ನೋಡಿದರು.

ಕಾಕಾ ಮೊಣಕಾಲಿನ ಆಪರೇಷನ್ ಮಾಡಿಸಿಕೊಂಡು ಆಗ ಮನೆಯಲ್ಲೇ ಇದ್ದರು. ಫೋಟೋ ಅವರಿಗೆ ವಾಟ್ಸಾಪ್ ಮಾಡಿದೆ. ಹತ್ತು ನಿಮಿಷಕ್ಕೆ ಅವರೇ ಫೋನು ಮಾಡಿದರು.

“ತಂಗಿ, ಇದು ಯಾವ ಬಂಡಿ?”

“ನಾವು ಮೂವರೂ ಹೋಗಿದ್ವಲ್ರಿ ಕಾಕಾ, ಅದs.”

“ಹೌದೇನು?” ಅಂದರು. ಆ ಕಡೆ ಟಿವಿಯ ಸದ್ದು ಕೇಳುತ್ತಿತ್ತು, ಯಾರೋ ಅದನ್ನು ಕಡಿಮೆ ಮಾಡಿದರು. ಫೋಟೋ ಮತ್ತೆ ನೋಡುತ್ತಿದ್ದರೆಂದು ಕಾಣುತ್ತದೆ.

“ನಂಗೇನೂ ಗುರ್ತ ಸಿಗವಲ್ದು,” ಅಂದರು. “ಆದ್ರ ಭಾಳ ಚಂದ ಐತಿ ಬಿಡು.”